ನೀರೇ ಗಿಡದ ಬಳಿಗೆ ಬಂತು

ಒಂದು ಮನೆ. ಮನೆಯಲ್ಲಿ ಅತ್ತೆ ಮತ್ತು ಸೊಸೆ. ಮಗ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾನೆ. ಹಿತ್ತಿಲಲ್ಲಿ ಒಂದು ಹಳೆಯ ಸಿಮೆಂಟ್ ತೊಟ್ಟಿ ಇದೆ. ಅದು ಕಲ್ಲುಕಟ್ಟೆಯ ಮೇಲಿದೆ. ಎರಡು ದಿನಕ್ಕೊಮ್ಮೆ ಕೊಳಾಯಿಯಲ್ಲಿ ನೀರು ಬರುತ್ತದೆ. ಆಗ ತೊಟ್ಟಿ ತುಂಬಿಸುತ್ತಾರೆ.

ತೊಟ್ಟಿಯ ಬುಡದಲ್ಲಿ ಒಂದು ನಲ್ಲಿ ಇತ್ತು. ಅದು ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಹಾಗಾಗಿ ಸೊಸೆ ಮೇಲಿನಿಂದ ಕೊಡ ಅದ್ದಿ ನೀರು ತುಂಬಿಕೊಳ್ಳುತ್ತಿದ್ದಳು. ನಲವತ್ತು ಹೆಜ್ಜೆ ನಡೆದು ಕೈತೋಟಕ್ಕೆ ಹಾಕುತ್ತಿದ್ದಳು. ಬಸಳೆ, ದಂಟು, ಬದನೆ, ನುಗ್ಗೆ ಎಲ್ಲಕ್ಕೂ ಸೇರಿ ದಿನಕ್ಕೆ 20 ಕೊಡ ನೀರು ಬೇಕು.

ಈಗ ಲೆಕ್ಕ ಹಾಕಿ. ಒಂದು ಕೊಡಕ್ಕೆ 15 ಲೀಟರ್ ನೀರು ಎಂದುಕೊಳ್ಳಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 20 ಕೊಡ ಎಂದರೆ 300 ಕಿಲೋ. ಮೂರು ಕ್ವಿಂಟಾಲ್ ಭಾರ! ಇದನ್ನು ದಿನವೂ ಒಬ್ಬಳೇ ಹೊರಬೇಕು.

ಸೊಸೆ ಆರು ತಿಂಗಳ ಬಸುರಿ. ಭಾರ ಎತ್ತಬೇಡ ಎಂದು ಆಶಾ ಕಾರ್ಯಕರ್ತೆ ಹೇಳಿದ್ದಳು. ಅತ್ತೆಗೆ ಸೊಂಟ ನೋವು. ಅವರೂ ಹೊರಲಾರರು.

“ತೋಟ ಹೋದರೆ ಹೋಗಲಿ ಬಿಡಿ ಅತ್ತೆ,” ಎಂದಳು ಸೊಸೆ.

“ಹೋಗಲಿ ಅಂದರೆ ಹೆಂಗವ್ವ? ಈಗಲೇ ನಿನಗೆ ಸೊಪ್ಪು ಬೇಕಾಗಿರೋದು. ನೀರು ನಾವು ಹೊರೋದು ಬೇಡ. ನೀರೇ ಗಿಡದ ಹತ್ರ ಹೋಗೋ ಹಾಗೆ ಮಾಡೋಣ,” ಎಂದರು ಅತ್ತೆ.

ಹಳೆಯ ನಲ್ಲಿ ತೆಗೆದದ್ದು

ಮೊದಲು ತೊಟ್ಟಿ ಖಾಲಿ ಮಾಡಿದರು. ತಳದ ಕೆಸರು ತೆಗೆದರು. ತೆಂಗಿನ ನಾರಿನಿಂದ ಉಜ್ಜಿ ತೊಳೆದರು.

ನಲ್ಲಿಯ ಬುಡಕ್ಕೆ ಸ್ವಲ್ಪ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಟ್ಟರು. ಎಣ್ಣೆ ಒಳಗಿಳಿದರೆ ತುಕ್ಕು ಸಡಿಲವಾಗುತ್ತದೆ. ಬೆಳಿಗ್ಗೆ ಪಕ್ಕದ ಮನೆಯಿಂದ ಎರಡು ಪೈಪ್ ಪಾನಾ ತಂದರು. ಯಾಕೆ ಎರಡು? ಒಂದರಲ್ಲಿ ತೊಟ್ಟಿಯ ಪೈಪನ್ನು ಅಲುಗದಂತೆ ಹಿಡಿಯಬೇಕು. ಇನ್ನೊಂದರಲ್ಲಿ ನಲ್ಲಿಯನ್ನು ತಿರುಗಿಸಬೇಕು. ಒಂದೇ ಪಾನಾದಲ್ಲಿ ತಿರುಗಿಸಿದರೆ ಪೈಪೂ ತಿರುಗುತ್ತದೆ. ಆಗ ಹಳೆಯ ಸಿಮೆಂಟ್ ಬಿರುಕು ಬಿಡುತ್ತದೆ.

ಅತ್ತೆ ಪೈಪು ಹಿಡಿದರು. ಪಕ್ಕದ ಮನೆಯ ಹುಡುಗಿ ನಲ್ಲಿ ತಿರುಗಿಸಿದಳು. ನಲ್ಲಿ ಕಳಚಿ ಬಂತು. ಬರದೇ ಹೋಗಿದ್ದರೆ? ಜೋರು ಮಾಡದೆ ಕೊಳಾಯಿ ಕೆಲಸದವರನ್ನು ಕರೆಯಬೇಕಿತ್ತು.

ಅಳತೆಯಲ್ಲಿ ಆದ ತಪ್ಪು

ಅತ್ತೆ ಹಳೆಯ ನಲ್ಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದರು. ಇದು ಜಾಣತನ. ಅಂಗಡಿಯವನು ನಲ್ಲಿ ನೋಡಿ, “ಇದು ಮುಕ್ಕಾಲು ಇಂಚು ಕಣಮ್ಮ,” ಎಂದ. ಮುಂದೆ ಉದ್ದ ಮೂತಿ ಇರುವ ಹೊಸ ನಲ್ಲಿ ಕೊಟ್ಟ. ಆ ಮೂತಿಗೆ ರಬ್ಬರ್ ಪೈಪು ಸಿಕ್ಕಿಸಬಹುದು.

ಪೈಪನ್ನು ಅತ್ತೆ ತಾವೇ ಆರಿಸಿದರು. ಟೇಪು ಹಿಡಿದು ಅಡ್ಡಕ್ಕೆ ಅಳೆದರು. ಸರಿಯಾಗಿ ಮುಕ್ಕಾಲು ಇಂಚು. “ಇದನ್ನೇ ಕೊಡಪ್ಪ,” ಎಂದರು. ತೋಟಕ್ಕೆ ಬೇಕಾದಷ್ಟು ಉದ್ದ ಕತ್ತರಿಸಿ ತಂದರು.

ಮನೆಗೆ ಬಂದು ನೋಡಿದರೆ ಪೈಪು ಮೂತಿಗೆ ಹೋಗಲೇ ಇಲ್ಲ. ಅತ್ತೆಗೆ ಅಳು ಬಂತು. “ದುಡ್ಡು ದಂಡವಾಯ್ತಲ್ಲ! ಅಳೆದೇ ತಂದೆನಲ್ಲವ್ವ!”

ಸೊಸೆ ಪೈಪನ್ನು ತಿರುಗಿಸಿ ನೋಡಿದಳು. ಅದರ ಮೈಮೇಲೆ ಏನೋ ಅಚ್ಚಾಗಿತ್ತು. “ಅತ್ತೆ, ಇಲ್ಲಿ ಓದಿ,” ಎಂದಳು.

ಅತ್ತೆ ಕಣ್ಣು ಕಿರಿದು ಮಾಡಿ ಓದಿದರು. ½.

“ಒಂದರ ಕೆಳಗೆ ಎರಡು. ಅಂದರೆ ಅರ್ಧ!”

ತಪ್ಪು ಗೊತ್ತಾಯಿತು. ಅತ್ತೆ ಪೈಪನ್ನು ಹೊರಗಿನಿಂದ ಅಳೆದಿದ್ದರು. ತೋಟದ ಪೈಪಿನ ಅಳತೆ ಎಂದರೆ ಒಳಗಿನ ತೂತಿನ ಅಳತೆ. ಪೈಪಿನ ಗೋಡೆ ದಪ್ಪ ಇರುತ್ತದೆ. ಅದರಿಂದ ಅರ್ಧ ಇಂಚಿನ ಪೈಪು ಹೊರಗಿನಿಂದ ಮುಕ್ಕಾಲು ಇಂಚು ಕಾಣುತ್ತದೆ. ಕಬ್ಬಿಣದ ಪೈಪೂ ಹೀಗೇ. ಮುಕ್ಕಾಲು ಇಂಚಿನ ಕಬ್ಬಿಣದ ಪೈಪನ್ನು ಹೊರಗೆ ಅಳೆದರೆ ಒಂದು ಇಂಚಿಗಿಂತ ತುಸು ಹೆಚ್ಚೇ ಬರುತ್ತದೆ.

ನೆನಪಿಡಿ: ½ ಎಂದರೆ ಅರ್ಧ. ¾ ಎಂದರೆ ಮುಕ್ಕಾಲು. ½ ಚಿಕ್ಕದು, ¾ ದೊಡ್ಡದು.

ಕತ್ತರಿಸಿದ ಪೈಪನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಆದರೆ ದುಡ್ಡು ದಂಡವಾಗಲಿಲ್ಲ. ಹೊಸ ನಲ್ಲಿಯನ್ನು ಬದಲಿಸಿ ಅರ್ಧ ಇಂಚಿನ ನಲ್ಲಿ ಕೊಟ್ಟ. ಜೊತೆಗೆ ಒಂದು ಸಣ್ಣ ಜೋಡಣೆಯನ್ನೂ ಕೊಟ್ಟ. ಅದರ ಹೆಸರು ರೆಡ್ಯೂಸರ್. ಅದು ಮುಕ್ಕಾಲು ಇಂಚಿನ ಪೈಪಿಗೆ ಅರ್ಧ ಇಂಚಿನ ನಲ್ಲಿಯನ್ನು ಕೂಡಿಸುತ್ತದೆ.

ಜೋಡಿಸುವುದು ಹೇಗೆ?

1. ನಲ್ಲಿಯ ಹಿಂಬದಿಯಲ್ಲಿ ತಿರುಪಿನ ಗೆರೆಗಳಿವೆ. ಅದಕ್ಕೆ ತ್ರೆಡ್ ಎನ್ನುತ್ತಾರೆ. ಗೆರೆಯ ತುದಿ ನಿಮ್ಮ ಮುಖದ ಕಡೆ ಇರಲಿ. ಅದರ ಮೇಲೆ ಬಿಳಿ ಟೇಪನ್ನು ಆರೇಳು ಸುತ್ತು ಬಿಗಿಯಾಗಿ ಸುತ್ತಿ. ಗಡಿಯಾರದ ಮುಳ್ಳು ಹೋಗುವ ಕಡೆಗೇ ಸುತ್ತಬೇಕು. ತಿರುಗುಮುರುಗಾದರೆ ಕೂರಿಸುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ರೆಡ್ಯೂಸರ್‌ಗೂ ಹೀಗೇ ಸುತ್ತಿ.

2. ಮೊದಲು ರೆಡ್ಯೂಸರ್, ಆಮೇಲೆ ನಲ್ಲಿ. ಎರಡನ್ನೂ ಮೊದಲು ಕೈಯಲ್ಲೇ ತಿರುಗಿಸಿ. ಕೊನೆಗೆ ಪಾನಾದಿಂದ ಸ್ವಲ್ಪ ಬಿಗಿ ಮಾಡಿ. ಆಗಲೂ ತೊಟ್ಟಿಯ ಪೈಪನ್ನು ಇನ್ನೊಂದು ಪಾನಾದಲ್ಲಿ ಹಿಡಿದಿರಿ.

3. ರಬ್ಬರ್ ಪೈಪಿನ ತುದಿಯನ್ನು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ. ಅದು ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಹಿಡಿದು ಮೂತಿಯ ಬುಡದವರೆಗೆ ತಳ್ಳಿ. ತಣ್ಣಗಾದಾಗ ಬಿಗಿಯಾಗುತ್ತದೆ.

4. ಮೇಲೆ ಕ್ಲಿಪ್ ಹಾಕಿ ತಿರುಪು ಬಿಗಿಸಿ. ಕ್ಲಿಪ್ ಇಲ್ಲವೇ? ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಂತೆ ಕತ್ತರಿಸಿ ಎಳೆದು ಸುತ್ತಿ ಕಟ್ಟಿ.

5. ತೊಟ್ಟಿ ತುಂಬಿಸಿ. ನಲ್ಲಿಯನ್ನು ನಿಧಾನವಾಗಿ ತಿರುಗಿಸಿ. ಹನಿ ಬೀಳುತ್ತಿದೆಯೇ ನೋಡಿ. ಬಿದ್ದರೆ ತೊಟ್ಟಿ ಖಾಲಿ ಮಾಡಿ, ಟೇಪು ಬದಲಿಸಿ.

ತೋಟ ತೊಟ್ಟಿಗಿಂತ ತಗ್ಗಿನಲ್ಲಿರಬೇಕು. ನೀರು ಇಳಿಜಾರಿಗೆ ಹರಿಯುತ್ತದೆ. ನೀರಿನ ಮಟ್ಟ ಎತ್ತರದಲ್ಲಿದ್ದಷ್ಟೂ ನೀರು ಜೋರಾಗಿ ಬರುತ್ತದೆ.

ತೊಟ್ಟಿಗೆ ನಲ್ಲಿಯೇ ಇಲ್ಲದಿದ್ದರೆ?

ಆಗಲೂ ಉಪಾಯವಿದೆ. ಪೈಪಿನ ತುಂಬ ನೀರು ತುಂಬಿಸಿ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ. ಒಂದು ತುದಿ ತೊಟ್ಟಿಯ ನೀರಿನೊಳಗೆ ಮುಳುಗಲಿ. ಇನ್ನೊಂದು ತುದಿಯನ್ನು ತೊಟ್ಟಿಯ ನೀರಿಗಿಂತ ಕೆಳಗೆ ತನ್ನಿ. ಈಗ ಬೆರಳು ತೆಗೆಯಿರಿ. ನೀರು ತಾನೇ ಹರಿಯುತ್ತದೆ. ಬಾಯಿಯಿಂದ ಮಾತ್ರ ಎಳೆಯಬೇಡಿ. ಕೊಳೆ ನೀರು ಹೊಟ್ಟೆಗೆ ಹೋಗುತ್ತದೆ.

ಎಚ್ಚರ ಇರಲಿ

ಬೆಳೆಗೆ ಹೊಡೆಯುವ ಔಷಧಿಯ ಡ್ರಮ್ಮಿನಲ್ಲಿ ನೀರು ತುಂಬಿಸಬೇಡಿ. ಎಷ್ಟು ತೊಳೆದರೂ ವಿಷ ಉಳಿಯಬಹುದು.

ತೊಟ್ಟಿಗೆ ಮುಚ್ಚಳ ಇರಲಿ. ಮಕ್ಕಳು ಬೀಳಬಾರದು. ಡೆಂಗಿ ತರುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲೂ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ ತೊಳೆಯಿರಿ.

ಆ ಸಂಜೆ ಅತ್ತೆ ನಲ್ಲಿ ತಿರುಗಿಸಿದರು. ಸೊಸೆ ಬಸಳೆಯ ಚಪ್ಪರದ ಹತ್ತಿರ ಪೈಪು ಹಿಡಿದು ನಿಂತಿದ್ದಳು. ಪೈಪು ಗೊರಗೊರ ಎಂದಿತು. ಮೊದಲು ಗಾಳಿ ಬಂತು. ಆಮೇಲೆ ನೀರು ಬಂತು.

“ಬಂತು ಅತ್ತೆ, ಬಂತು!”

ಕೊಡ ಜಗಲಿಯ ಮೇಲೆ ಬೋರಲು ಮಲಗಿತ್ತು.

ಓದಿದಿರಿ, ಈಗ ಮಾಡಿ ನೋಡಿ

1. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಹೊರುತ್ತೀರಿ? ಅದು ಎಷ್ಟು ಕಿಲೋ? ಯಾರು ಹೊರುತ್ತಾರೆ? ಮನೆಯವರೆಲ್ಲ ಕೂತು ಲೆಕ್ಕ ಹಾಕಿ.

2. ನಿಮ್ಮ ಮನೆಯ ಪೈಪಿನ ಮೇಲೆ ಅಳತೆ ಅಚ್ಚಾಗಿದೆಯೇ? ಹುಡುಕಿ ಓದಿ. ಪುಸ್ತಕದಲ್ಲಿ ಬರೆದಿಡಿ.