ಸೆಂಟರ್‌ಲಿಂಕ್ ಕೇಳುವ ಆದಾಯ ಯಾವುದು?

ಜುಲೈ ಬಂತೆಂದರೆ ಮೆಲ್ಬರ್ನ್, ಸಿಡ್ನಿಯ ಗೆಳೆಯರಿಂದ ನನಗೆ ಬರುವ ಪ್ರಶ್ನೆ ಒಂದೇ: "ಚೈಲ್ಡ್ ಕೇರ್ ಸಬ್ಸಿಡಿಗೆ ನಮ್ಮ ಆದಾಯ ಎಷ್ಟು ಅಂತ ಹಾಕೋದು?" ಹೆಚ್ಚಿನವರು ಟ್ಯಾಕ್ಸ್ ರಿಟರ್ನ್ ತೆಗೆದು ಅದರಲ್ಲಿರುವ ಟ್ಯಾಕ್ಸಬಲ್ ಇನ್‌ಕಮ್ಮನ್ನೇ ಬರೆದುಬಿಡುತ್ತಾರೆ. ವರ್ಷದ ಕೊನೆಗೆ ಬಾಕಿ ಹುಟ್ಟುವುದು ಅಲ್ಲಿಂದಲೇ.

ಸೆಂಟರ್‌ಲಿಂಕ್ ನೋಡುವುದು ಗಂಡ ಹೆಂಡತಿ ಇಬ್ಬರ ಅಡ್ಜಸ್ಟೆಡ್ ಟ್ಯಾಕ್ಸಬಲ್ ಇನ್‌ಕಮ್ಮನ್ನು. ತೆರಿಗೆ ಉಳಿಸಲು ನಾವು ಕಳೆದದ್ದರಲ್ಲಿ ಕೆಲವನ್ನು ಅದು ಮತ್ತೆ ಕೂಡಿಸುತ್ತದೆ. ಒಬ್ಬರ ಸಂಬಳ 1,40,000 ಡಾಲರ್ ಎನ್ನಿ. ಸ್ಯಾಲರಿ ಸ್ಯಾಕ್ರಿಫೈಸ್ ಮಾಡಿ ಸೂಪರ್‌ಗೆ ಹಾಕಿದ್ದು 10,000, ಬಾಡಿಗೆ ಮನೆಯಲ್ಲಿ ತೋರಿಸಿದ ನಷ್ಟ 15,000. ತೆರಿಗೆಗೆ 1,15,000, ಸೆಂಟರ್‌ಲಿಂಕ್‌ಗೆ ಪೂರ್ತಿ 1,40,000! ಮಿತಿ ದಾಟಿದ ಮೇಲೆ ಪ್ರತಿ 5,000ಕ್ಕೆ ಮೊದಲ ಮಗುವಿನ ಸಬ್ಸಿಡಿ 1% ಇಳಿಯುತ್ತದೆ. ಅಂದರೆ ಈ ಒಂದು ಅಂಕಿಯಿಂದಲೇ 5% ವ್ಯತ್ಯಾಸ. ದಿನಕ್ಕೆ 130 ಡಾಲರ್ ಫೀಸು, ವರ್ಷಕ್ಕೆ 200 ದಿನ ಎಂದುಕೊಂಡರೆ ಸುಮಾರು 1,300 ಡಾಲರ್.

ಸಬ್ಸಿಡಿಯಲ್ಲಿ ಸಾಮಾನ್ಯವಾಗಿ 5% ತಡೆಹಿಡಿದಿರುತ್ತಾರೆ, ಮೊದಲು ಅದು ಹೋಗುತ್ತದೆ. ಸಾಲದಿದ್ದರೆ ನೀವು ಕಟ್ಟಬೇಕು.

ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆಯನ್ನೂ ಮರೆಯಬೇಡಿ. "ಅಲ್ಲೇ ಟಿಡಿಎಸ್ ಕಟ್ ಆಗಿದೆಯಲ್ಲ" ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ನಡುವೆ ಬೋನಸ್ ಬಂದರೆ, ಮನೆಯವರು ಮತ್ತೆ ಕೆಲಸಕ್ಕೆ ಸೇರಿದರೆ ಮೈಗವ್‌ನಲ್ಲಿ ಎಸ್ಟಿಮೇಟ್ ಆಗಲೇ ಬದಲಿಸಿ. ಐದು ನಿಮಿಷದ ಕೆಲಸ. ಅಂಕಿಯಲ್ಲಿ ಅನುಮಾನವಿದ್ದರೆ ನಾನಂತೂ ತುಸು ಹೆಚ್ಚೇ ಬರೆಯಿರಿ ಎನ್ನುತ್ತೇನೆ. ಹೆಚ್ಚಾಗಿದ್ದರೆ ಹಣ ವಾಪಸ್ ಬರುತ್ತದೆ. ಆದರೆ ಅದಕ್ಕೆ ಇಬ್ಬರ ರಿಟರ್ನೂ ಮುಂದಿನ ವರ್ಷದ ಜೂನ್ 30ರೊಳಗೆ ಸಲ್ಲಿಕೆಯಾಗಿರಬೇಕು.