ಮಕ್ಕಳು ನೆಟ್ಟ ಸಸಿಗೆ ನೀರು ಹಾಕೋರು ಯಾರು?

"ಕಾಲೇಜಿಗೆ ಕಳಿಸೋದು ಓದಲಿಕ್ಕೋ, ಮಣ್ಣು ಹೊರಲಿಕ್ಕೋ?" ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಶಿಬಿರದ ಚೀಟಿ ಬಂದಾಗ ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಏಳುವ ಮೊದಲ ಮಾತು ಇದೇ. ಮಗನಾದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮಗಳಾದರೆ ಏಳು ದಿನ ಹಳ್ಳಿಯಲ್ಲಿ ಇರಬೇಕಂತೆ, ಮಲಗೋದು ಎಲ್ಲಿ, ಜೊತೆಗೆ ಯಾರು, ನಾಳೆ ಬೀಗರಾಗುವವರು ಏನಂದಾರು ಅಂತ ಇನ್ನೂ ಹತ್ತು ಪ್ರಶ್ನೆ!

ಯಾವ ಕೆಲಸವೂ ಕೀಳಲ್ಲ ಎಂದು 12ನೇ ಶತಮಾನದಲ್ಲೇ ಶರಣರು ಸಾರಿದ ಊರು ನಮ್ಮ ಬಸವಕಲ್ಯಾಣ. ಇಲ್ಲಿ ಕೂತು ಮಣ್ಣು ಹೊರುವುದನ್ನು ಹೀಗಳೆಯುವುದು ನನಗಂತೂ ಸರಿ ಕಾಣದು. ಆದರೆ ತಾಯಂದಿರ ಚಿಂತೆ ಸುಳ್ಳೇನಲ್ಲ. ಹುಡುಗಿಯರ ಜೊತೆ ಉಪನ್ಯಾಸಕಿ ಇರುತ್ತಾರೆಯೇ, ಮಲಗುವ ಕೋಣೆಗೆ ಚಿಲಕ ಇದೆಯೇ, ಶೌಚಾಲಯದಲ್ಲಿ ನೀರಿದೆಯೇ, ಇವನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ. ಇಲ್ಲವೆಂದರೆ ಕಳಿಸಬೇಡಿ, ಹೌದೆಂದರೆ ತಡೆಯಬೇಡಿ.

ಈ ಯೋಜನೆ ನಿನ್ನೆ ಮೊನ್ನೆಯದಲ್ಲ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಶುರುವಾದದ್ದು. "ನನಗಲ್ಲ, ನಿನಗೆ" ಎಂಬುದು ಅದರ ಧ್ಯೇಯವಾಕ್ಯ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಅದರ ಜೊತೆಗೆ ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಏಳು ದಿನದ ಶಿಬಿರ.

ಅಮೆರಿಕದಲ್ಲೂ 1933ರಲ್ಲಿ, ಕೆಲಸವಿಲ್ಲದೆ ಜನ ಕಂಗಾಲಾಗಿದ್ದಾಗ, ಕಾಡು ಬೆಳೆಸಲಿಕ್ಕೆ ತರುಣರ ದಂಡೊಂದನ್ನು ಕಟ್ಟಿದ್ದರು. 1942ರವರೆಗೆ ಸುಮಾರು 30 ಲಕ್ಷ ಹುಡುಗರು ದುಡಿದು ಸುಮಾರು 300 ಕೋಟಿ ಗಿಡ ನೆಟ್ಟರಂತೆ. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ಸೀದಾ ಮನೆಗೆ! (ಆ ತಾಯಂದಿರು ಪುಣ್ಯವಂತರು ಬಿಡಿ.) ಆದರೆ ಆ ದಂಡಿನಲ್ಲಿ ಹುಡುಗಿಯರಿಗೆ ಜಾಗವಿರಲಿಲ್ಲ. ನಮ್ಮಲ್ಲಿ ಸಂಬಳವಿಲ್ಲ, ಹುಡುಗಿಯರಿಗೆ ಜಾಗ ಮಾತ್ರ ಇದೆ.

ಇಂಥ ಕೆಲಸದ ಬೆಲೆ ನಮ್ಮ ಬೀದರ್ ಜಿಲ್ಲೆಗೆ ಚೆನ್ನಾಗಿ ಗೊತ್ತಾದದ್ದು 2016ರ ಬರದಲ್ಲಿ. ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿಯವರು ನೂರಕ್ಕೂ ಹೆಚ್ಚು ಹಳೆಯ ಬಾವಿಗಳ, ನೂರಕ್ಕೂ ಹೆಚ್ಚು ಕೆರೆಗಳ ಹೂಳು ತೆಗೆಸಿದರು. ಯುವಕರ ತಂಡಗಳೂ ಕೈಜೋಡಿಸಿದವು. ತಿವಾರಿಯವರು 2017ರಲ್ಲಿ ತೀರಿಕೊಂಡರು. ಆದರೆ ಹೂಳು ತೆಗೆದ ಬಾವಿಯಲ್ಲಿ ನೀರು ಕಂಡವರು ಅವರನ್ನು ಹ್ಯಾಗೆ ಮರೆತಾರು?

ಹೂಳೆತ್ತಿದ ಬಾವಿಗೆ ಮಳೆ ಬಂದರೆ ಸಾಕು. ನೆಟ್ಟ ಸಸಿಗೆ ಅಷ್ಟು ಸಾಲದು. ನನ್ನ ತವರು ಹುಮನಾಬಾದ್. ಅದರ ಹತ್ತಿರದ ಒಂದು ಹಳ್ಳಿಯ ಶಾಲೆಯ ಹಿಂದೆ ಹುಡುಗ ಹುಡುಗಿಯರು ಫೆಬ್ರವರಿ ತಿಂಗಳ ಶಿಬಿರದಲ್ಲಿ ಸಾಲಾಗಿ ಸಸಿ ನೆಟ್ಟಿದ್ದರು. ಫೋಟೊ ತೆಗೆಸಿಕೊಂಡರು, ಹಾರ ಹಾಕಿಸಿಕೊಂಡರು, ಹೋದರು. ಮೇ ತಿಂಗಳಲ್ಲಿ ಹೋಗಿ ನೋಡಿದರೆ ಬಹುತೇಕ ಬರೀ ಕಡ್ಡಿ! ಹಸಿರಾಗಿದ್ದದ್ದು ಬೆರಳೆಣಿಕೆಯಷ್ಟು, ಅವೂ ಅಡುಗೆಕೋಣೆಯ ಪಕ್ಕದವು. ಬಿಸಿಯೂಟದ ಅಕ್ಕನವರು ಅಕ್ಕಿ ಬ್ಯಾಳಿ ತೊಳೆದ ನೀರು ದಿನಾ ಅವಕ್ಕೇ ಚೆಲ್ಲುತ್ತಿದ್ದರು. "ಎಲ್ಲಾದ್ರೂ ಚೆಲ್ಲೋ ನೀರು ನೋಡ್ರಿ, ಗಿಡಕ್ಕರ ಹೋಗ್ಲಿ ಅಂತ ಹಾಕೀವಿ" ಅಂದರು. ಅವರಿಗೆ ಯಾರೂ ಹಾರ ಹಾಕಿರಲಿಲ್ಲ.

ತಪ್ಪು ಮಕ್ಕಳದ್ದಲ್ಲ, ಕಾಲದ್ದು. ನಮ್ಮ ಕಡೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಶಿಬಿರ ಚಳಿಗಾಲಕ್ಕೋ ಬೇಸಗೆಗೋ ಬಿದ್ದರೆ ಆಗ ಗುಂಡಿ ತೋಡಬಹುದು, ಕೆರೆಯಂಗಳದ ಬಳ್ಳಾರಿ ಜಾಲಿ ಕೀಳಬಹುದು, ಹೂಳೆತ್ತಬಹುದು. ಸಸಿ ನೆಡುವುದನ್ನು ಮಳೆ ಹಿಡಿದ ಮೇಲೆ, ಆ 120 ಗಂಟೆಯ ಲೆಕ್ಕದಲ್ಲಿ ಮಾಡಲಿ. ಆ ಮುಂದಿನ ಎರಡು ಬೇಸಗೆ ಸಸಿ ದಾಟುವುದು ಹಳ್ಳಿಯ ಹೆಣ್ಣುಮಕ್ಕಳ ಕೈಯಲ್ಲಿದೆ. ಬಿರುಕಿಲ್ಲದ ಹಳೆ ಮಣ್ಣಿನ ಗಡಿಗೆಯನ್ನು ಎಸೆಯದೆ ಸಸಿಯ ಪಕ್ಕ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಟ್ಟರೆ ಬೇರಿಗೆ ಮೆಲ್ಲಗೆ ತಂಪು ಇಳಿಯುತ್ತದೆ. ಶಿಬಿರದ ಕೊನೆಯ ದಿನ ಯಾವ ಗಿಡ ಯಾವ ಮನೆಗೆ ಅಂತ ಹಂಚಿಬಿಟ್ಟರೆ ಇನ್ನೂ ಒಳ್ಳೇದು.

ಬೀಜ ಕೂಡಿಡುವುದು ನಮಗೆ ಹೇಳಿಕೊಡಬೇಕೆ? ಹುಣಸೆ ಬೀಜ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಬೇವಿನದು ಹಾಗಲ್ಲ. ಜೂನ್ ಜುಲೈನಲ್ಲಿ ಹಣ್ಣು ಉದುರಿದ ಕೂಡಲೇ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಕೆಲವೇ ವಾರಗಳಲ್ಲಿ ಬಿತ್ತಿಬಿಡಬೇಕು. ಇಟ್ಟರೆ ಮೊಳೆಯೋದು ಕಷ್ಟ. ಆಡಿನ ಕಾಟ ಇರುವ ಕಡೆ ಸೀತಾಫಲ ಹಾಕಿ, ಆಡು ಅದಕ್ಕೆ ಬಾಯಿ ಹಾಕದು. ನೀಲಗಿರಿ ಬೇಡವೇ ಬೇಡ.

ಇನ್ನೊಂದು ಮಾತು. ಖಾಲಿ ಬಯಲು ಕಂಡಲ್ಲೆಲ್ಲ ಗಿಡ ಚುಚ್ಚಬೇಕೆಂದಿಲ್ಲ. ನಮ್ಮ ಜಿಲ್ಲೆಯ ಚಿಗರಿಗಳಿಗೆ, ಅದೇ ಕೃಷ್ಣಮೃಗಗಳಿಗೆ, ಬೇಕಾದದ್ದು ಹುಲ್ಲುಬಯಲು. ಅದನ್ನೂ ಮುಚ್ಚಿದರೆ ಅವು ಹೊಲಕ್ಕೆ ನುಗ್ಗಿ ಕಡಲೆ ಮೇಯದೆ ಇನ್ನೇನು ಮಾಡಾವು? ರೈತ ಅವನ್ನು ಬೈಯೋದು ನ್ಯಾಯವೇ. ಅಂಥ ಕಡೆ ಕಾಂಗ್ರೆಸ್ ಕಸ ಕಿತ್ತು ಹುಲ್ಲಿಗೆ ಜಾಗ ಬಿಟ್ಟರೆ ಅದೇ ದೊಡ್ಡ ಸೇವೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಕಳೆ ಇದು, ಈಗ ಇಲ್ಲದ ಊರಿಲ್ಲ. ಹೂ ಬಿಡುವ ಮುಂಚೆ, ನೆಲ ಹಸಿ ಇದ್ದಾಗ, ಬೇರುಸಮೇತ ಕೀಳಬೇಕು.

ಮಗಳು ಹೊರಟರೆ ಚೀಲದಲ್ಲಿ ಕಡಕ್ ರೊಟ್ಟಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ಇಡಿ, ವಾರ ಕೆಡುವುದಿಲ್ಲ. ತುಂಬುತೋಳಿನ ಹಳೆ ಅಂಗಿ, ತಲೆಗೆ ವಸ್ತ್ರ ಮರೆಯಬೇಡಿ. ಕಾಂಗ್ರೆಸ್ ಕಸ ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ ಏಳುತ್ತದೆ, ಉಬ್ಬಸ ಇರುವವರಂತೂ ಅದರ ಹತ್ತಿರ ಹೋಗಲೇಬಾರದು. ಕೈಗವಸು ಇಲ್ಲದಿದ್ದರೆ ದಪ್ಪನೆಯ ಹಳೆ ಕಾಲುಚೀಲ ಎರಡು ಜೊತೆ ಕೊಡಿ. ವಾಪಸ್ ಬಂದ ದಿನ ಆ ಬಟ್ಟೆಗಳನ್ನು ಮನೆಮಂದಿಯ ಬಟ್ಟೆಯೊಡನೆ ಸೇರಿಸದೆ ಬೇರೆಯಾಗಿಯೇ ನೆನೆಹಾಕಿ.