ಬೀದರ್ ಕೋಟೆಯ ಮ್ಯೂಸಿಯಂ: ಬಾಗಿಲು ಯಾರಿಗೆ, ಯಾವ ದಿನ?

ಮಕ್ಕಳು ಉಳಿದು ಕಲಿಯುವ ಮದ್ರಸಗಳಿಗೆ ಶುಕ್ರವಾರ ರಜೆ. ಕೇಂದ್ರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೂ ಸಾಮಾನ್ಯವಾಗಿ ಶುಕ್ರವಾರವೇ ರಜೆ. ವಿಜಯಪುರದ ಗೋಳಗುಮ್ಮಟದ ಮುಂದಿರುವ ಮ್ಯೂಸಿಯಂ ಹಾಗೆ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಕೂಡ ಹಾಗೆ. ಅಂದರೆ ಈ ಮಕ್ಕಳಿಗೆ ಬಿಡುವು ಸಿಗುವ ದಿನವೇ ಅಲ್ಲಿ ಬೀಗ. ಇದರಲ್ಲಿ ಯಾರ ಹಗೆಯೂ ಇಲ್ಲ. ಭಾನುವಾರ ಶಾಲೆ ಮಕ್ಕಳು, ಪ್ರವಾಸಿಗರು ಬರುತ್ತಾರೆ, ಸಿಬ್ಬಂದಿಗೂ ವಾರಕ್ಕೊಂದು ದಿನ ಬೇಡವೇ? ಆದರೆ ನಮಗೂ ನೋಡಬೇಕು ಅಂತ ನಾವು ಹೋಗಿ ಕೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಬೀದರನ್ನೇ ತೆಗೆದುಕೊಳ್ಳೋಣ. ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿ 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿ ತಂದ ಊರು ಅದು. ಕೋಟೆಯ ಒಳಗೆ ಮುತ್ತಿನ ಚಿಪ್ಪಿನ ಕೆಲಸದ ರಂಗೀನ್ ಮಹಲ್ ಇದೆ, ಸೋಲಾ ಖಂಬ ಮಸೀದಿ ಇದೆ. ಅರಮನೆಯ ಹಳೆ ಸ್ನಾನದ ಮನೆ, ಶಾಹಿ ಹಮ್ಮಾಮ್, ಈಗ ಮ್ಯೂಸಿಯಂ. ಒಳಗೆ ಕಲ್ಲಿನ ಶಿಲ್ಪಗಳು, ಹಳೆ ಕಾಲದ ಆಯುಧಗಳು. ಭಾಲ್ಕಿ, ಔರಾದಿನಿಂದ ಸುಮಾರು ನಲ್ವತ್ತು ಕಿಲೋಮೀಟರ್ ಬಸ್ಸಿನ ದಾರಿ. ಬಸ್ ಚಾರ್ಜು ಕೊಟ್ಟು ಬಂದ ಮಗುವಿಗೆ ಅಲ್ಲಿ ಏನು ಸಿಗುತ್ತದೆ ಅನ್ನುವುದು ಕಲ್ಲಿಗಿಂತ ಹೆಚ್ಚಾಗಿ ಅಲ್ಲಿ ಕೆಲಸ ಮಾಡುವವರ ಮೇಲೆ ನಿಂತಿದೆ.

ಮ್ಯೂಸಿಯಂನಲ್ಲಿ ಯಾರೆಲ್ಲ ಕೆಲಸಕ್ಕಿರುತ್ತಾರೆ? ಮುಖ್ಯಸ್ಥ ಕ್ಯುರೇಟರ್. ಯಾವ ವಸ್ತು ಹೊರಗಿಡಬೇಕು, ಯಾವುದು ಒಳಗಿರಬೇಕು, ಪಕ್ಕದ ಫಲಕದಲ್ಲಿ ಏನು ಬರೆಯಬೇಕು ಎಂದು ನಿರ್ಧರಿಸುವವರು ಅವರು. ಹುಳ, ತೇವ, ತುಕ್ಕಿನಿಂದ ವಸ್ತುಗಳನ್ನು ಕಾಪಾಡಲು ರಸಾಯನ ಬಲ್ಲವರು ಬೇಕು. ಕೇಂದ್ರ ಇಲಾಖೆಯಲ್ಲಿ ಇದಕ್ಕೆಂದೇ ಒಂದು ವಿಜ್ಞಾನ ಶಾಖೆ ಇದೆ, ಅದರ ಕಚೇರಿ ಡೆಹ್ರಾಡೂನಿನಲ್ಲಿ. ನಮ್ಮ ರಾಜ್ಯ ಸರಕಾರದ ಮ್ಯೂಸಿಯಂಗಳನ್ನು ನೋಡಿಕೊಳ್ಳುವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿ. ಸಾಲಾರ್ ಜಂಗ್ ಮ್ಯೂಸಿಯಂ ಮಾತ್ರ ಬೇರೆ ತರ. 1951ರಲ್ಲಿ ತೆರೆದ ಅದನ್ನು 1961ರಲ್ಲಿ ಸಂಸತ್ತು ಕಾನೂನು ಮಾಡಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದಿತು. ಅದಕ್ಕೆ ತನ್ನದೇ ಮಂಡಳಿ ಇದೆ, ರಾಜ್ಯಪಾಲರು ಅದರ ಅಧ್ಯಕ್ಷರು. ಇಷ್ಟೆಲ್ಲ ಇದ್ದರೂ ಸಣ್ಣ ಊರಿನ ಮ್ಯೂಸಿಯಂಗೆ ಹೋದವರಿಗೆ ಎದುರು ಸಿಗುವುದು ಹೆಚ್ಚಾಗಿ ಒಬ್ಬರೇ, ಬಾಗಿಲಲ್ಲಿ ಕೂತ ಕಾವಲುಗಾರ. "ಇದೇನಣ್ಣಾ?" ಅಂತ ಮಗು ಕೇಳುವುದು ಅವರನ್ನೇ. ಅವರಿಗೆ ನಾಲ್ಕು ಮಾತು ಕಲಿಸಿದರೆ ಅರ್ಧ ಮ್ಯೂಸಿಯಂ ಸರಿಯಾದ ಹಾಗೆ.

ಯಾರ ಕಣ್ಣಿಗೂ ಬೀಳದ ಇನ್ನೊಂದು ಕೆಲಸ ಉಂಟು. ಅದು ದಾಖಲೆ ಪುಸ್ತಕ. ವಸ್ತು ಒಳಗೆ ಬಂದ ದಿನವೇ ಅದಕ್ಕೊಂದು ನಂಬರು. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಅಳತೆ ಎಷ್ಟು, ಎಲ್ಲಿ ಮುರಿದಿದೆ, ಎಲ್ಲವನ್ನೂ ಬರೆಯಬೇಕು. ಈ ಪುಸ್ತಕ ಇಲ್ಲದಿದ್ದರೆ ಕಳವಾದದ್ದು ಕಳವಾಯಿತು ಎಂದು ಹೇಳಲಿಕ್ಕೂ ಆಧಾರ ಇಲ್ಲ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದ ಗುಲಾಂ ಯಜ್ದಾನಿ ಸಾಹೇಬರು ಬೀದರಿನ ಕಟ್ಟಡಗಳ ಅಳತೆ, ಶಾಸನ, ಚಿತ್ರ ಸೇರಿಸಿ 1947ರಲ್ಲಿ ದೊಡ್ಡ ಪುಸ್ತಕ ತಂದರು. ಇಂದಿಗೂ ಬೀದರಿನ ಬಗ್ಗೆ ಬರೆಯುವವರು ಮೊದಲು ತೆರೆಯುವುದು ಅದನ್ನೇ.

ದಾಖಲೆ, ಕಾವಲು ಎರಡೂ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಅದೇ ಊರಿನ ಮಹಮೂದ್ ಗವಾನ್ ಮದ್ರಸ. 1472ರಲ್ಲಿ ಮುಗಿದ ಮೂರು ಅಂತಸ್ತಿನ ಕಟ್ಟಡ. ವಿದ್ಯಾರ್ಥಿಗಳಿಗೆ 36 ಕೋಣೆ, ಮುದರ್ರಿಸರಿಗೆ 6 ವಾಸದ ಮನೆ, ಒಂದು ಮಸೀದಿ, ಸುಮಾರು 3,000 ಕಿತಾಬುಗಳ ಲೈಬ್ರರಿ ಇತ್ತು ಅಂತ ಹೇಳುತ್ತಾರೆ. 1481ರಲ್ಲಿ ಗವಾನರನ್ನು ಕೊಲ್ಲಿಸಿದರು. ಔರಂಗಜೇಬನ ಕಾಲದಲ್ಲಿ ಸ್ಫೋಟವಾಗಿ ಮುಂಭಾಗ ಬಿತ್ತು, ಎರಡು ಮಿನಾರಗಳಲ್ಲಿ ಒಂದೇ ಉಳಿಯಿತು. ಆ ಒಂದು ಮಿನಾರದ ನೀಲಿ ಹೆಂಚನ್ನು ಇಂದೂ ನೋಡಬಹುದು. ಕಿತಾಬುಗಳು ಅಲ್ಲಿ ಇಲ್ಲ. ಕಲ್ಲು ತನ್ನಷ್ಟಕ್ಕೆ ನಿಲ್ಲುತ್ತದೆ, ಕಾಗದಕ್ಕೆ ನೋಡಿಕೊಳ್ಳುವ ಮನುಷ್ಯ ಬೇಕು.

ಇನ್ನು ಭಾಷೆ. ಬೀದರ್ ಪೇಟೆಯಲ್ಲಿ ದಖ್ಖನಿ ಉರ್ದು, ಭಾಲ್ಕಿ-ಔರಾದ್ ಕಡೆಯ ಎಷ್ಟೋ ಮನೆಗಳಲ್ಲಿ ಮರಾಠಿ, ಜೊತೆಗೆ ಕನ್ನಡ, ತೆಲುಗು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ಆ ಕಡೆ ಎಲ್ಲರ ಬಾಯಲ್ಲಿರುವ ಮಾತು. ಒಳಗೆ ಬಂದ ಮಗುವಿಗೆ ಅರ್ಥವಾಗಬೇಕು ಎಂಬುದು ಅವರ ಲೆಕ್ಕ. ಮ್ಯೂಸಿಯಂನ ಫಲಕಕ್ಕೂ ಇದೇ ಲೆಕ್ಕ ಹಿಡಿಯಬೇಕು. ಔರಾದಿನ ಅಜ್ಜಿಗೆ, ಬೀದರಿನ ಮದ್ರಸದ ಹುಡುಗನಿಗೆ ಓದಲು ಬಾರದ ಫಲಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಬೀದರಿಯ ಕೆಲಸವನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆ ಮಣ್ಣಿನಲ್ಲಿ ಕುದಿಸಿ ಕಪ್ಪು ಬರಿಸುತ್ತಾರೆ. ಆ ಕೈಕೆಲಸದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಗಾಜಿನ ಪೆಟ್ಟಿಗೆಯ ಹೂಜಿ ಮಾತಾಡುವುದಿಲ್ಲ. ಅದರ ಪಕ್ಕ ಒಬ್ಬ ಉಸ್ತಾದ್ ಕೂತು ಉಳಿ ಹಿಡಿದರೆ ಮಗು ಅಲ್ಲಿಂದ ಏಳುವುದಿಲ್ಲ. ಪ್ರಪಂಚದ ಮ್ಯೂಸಿಯಂಗಳ ಮಂಡಳಿ 2022ರಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿದ ವ್ಯಾಖ್ಯೆಯಲ್ಲೂ ಕಣ್ಣಿಗೆ ಕಾಣುವ ವಸ್ತುವಿನ ಜೊತೆ ಕೈಗೆ ಸಿಗದ ಪರಂಪರೆಯೂ ಸೇರಿದೆ. ಲಾಭಕ್ಕಲ್ಲ, ಸಮಾಜದ ಸೇವೆಗೆ, ಎಲ್ಲರಿಗೂ ತೆರೆದಿರಬೇಕು ಎಂದೂ ಅದರಲ್ಲಿ ಇದೆ.

ಬೀದರ್ ದೂರ, ನಮಗೇನು ಅಂತ ಕರಾವಳಿಯ ನಾವು ಕೇಳಬಹುದು. ನಮ್ಮ ಅಟ್ಟದಲ್ಲಿ ಅರಬಿ-ಮಲಯಾಳಂ ಲಿಪಿಯ ಕಿತಾಬುಗಳಿವೆ, ಉಮ್ಮಂದಿರ ಪೆಟ್ಟಿಗೆಯಲ್ಲಿ ಅಲಿಕತ್ತ್ ಇದೆ. ಮನೆ ಒಡೆದು ಹೊಸದು ಕಟ್ಟುವಾಗ ಕಿತಾಬು ಮಣ್ಣು ಸೇರುತ್ತದೆ, ಚಿನ್ನ ಕರಗುತ್ತದೆ. ಅದಬಿನಿಂದ ಮಣ್ಣಿಗೆ ಸೇರಿಸುವುದು ಸರಿಯೇ. ಸೇರಿಸುವ ಮೊದಲು ಫೋಟೋ ತೆಗೆದು, ಹೆಸರು, ಮನೆ, ಯಾರಿಂದ ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಖರ್ಚೇನೂ ಇಲ್ಲ. ಪ್ರತಿ ಜಮಾಅತ್ತಿನಲ್ಲಿ ಇಬ್ಬರು ಯುವಕರು ಸಾಕು. ನೆಲ ಅಗೆಯುವಾಗ ಹಳೆ ನಾಣ್ಯವೋ ನಿಧಿಯೋ ಸಿಕ್ಕಿದರೆ ಮುಚ್ಚಿಡಬಾರದು, ಅಧಿಕಾರಿಗಳಿಗೆ ತಿಳಿಸಬೇಕು. 1962ರ ರಾಜ್ಯದ ನಿಧಿ ಕಾನೂನು ಇರುವುದು ಅದಕ್ಕೇ.

ಬೀದರ್, ಭಾಲ್ಕಿ, ಔರಾದಿನ ಮದ್ರಸದವರಲ್ಲಿ ನಮ್ಮದೊಂದು ವಿನಂತಿ. ಮ್ಯೂಸಿಯಂ ತೆರೆದಿರುವ ದಿನ, ಸಮಯ ಮೊದಲೇ ಕೇಳಿಕೊಳ್ಳಿ. ಗುರುವಾರವೋ ಭಾನುವಾರವೋ ಅರ್ಧ ದಿನ ಪಾಠ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗಿ. ವಾರದ ಮೊದಲೇ ಕಚೇರಿಗೆ ಒಂದು ಅರ್ಜಿ ಕೊಡಿ, ವಿವರಿಸಲು ಒಬ್ಬರು ಬೇಕು, ಉರ್ದು ಮರಾಠಿ ಫಲಕವೂ ಬೇಕು ಎಂದು ಬರೆಯಿರಿ. ಸಂದರ್ಶಕರ ಪುಸ್ತಕ ಇದ್ದರೆ ಅದರಲ್ಲಿ ಮದ್ರಸದ ಹೆಸರು ಹಾಕಿ. ಯಾರೆಲ್ಲ ಬರ್ತಾರೆ, ಏನು ಕೇಳ್ತಾರೆ ಅಂತ ಇಲಾಖೆಗೆ ಗೊತ್ತಾಗುವುದು ಅಂಥ ಕಾಗದದಿಂದಲೇ.